ಬಾಳೆ ಕಿತ್ತು ಹಚ್ಚಿದ ಗಿಡಗಳು

ನಮ್ಮ ಅಕ್ಕ ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ. ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಅವಳಿಗೆ ತಲೆ ತಿರುಗುತ್ತದೆ. ಅಂಥವಳ ಹೊಲಕ್ಕೆ ಜಗತ್ತಿನ ವಿಮಾನಗಳ ಹೊಗೆ ಬಂದು ಗಂಟುಬಿತ್ತು ಎಂದರೆ ಯಾರಿಗಾದರೂ ನಗು ಬರಬೇಕು. ನನಗೆ ಬರುವುದು ಸಿಟ್ಟು.

ಭಾವ ತೀರಿಕೊಂಡ ಮೇಲೆ ಹೊಲ ನೋಡಿಕೊಂಡವಳು ಅಕ್ಕನೇ. ಬಾವಿ ಪಕ್ಕದ ತುಂಡಿನಲ್ಲಿ ಕೆಂಪು ಬಾಳೆ ಇತ್ತು. ಅವಳ ಅತ್ತೆ ನೆಟ್ಟ ಕಂದುಗಳಿಂದಲೇ ಬೆಳೆದು ಬಂದ ತೋಟ ಅದು. ಒಂದು ದಿನ ಯಾವುದೋ ಕಂಪನಿಯವರು ಬಂದರು. ವಿಮಾನಗಳು ಉಗುಳುವ ಹೊಗೆಗೆ ಕಡಿವಾಣ ಹಾಕಲು ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆ, ಹೊಗೆ ಇಳಿಸಲಾಗದ ವಿಮಾನ ಕಂಪನಿಗಳು ಅದರ ಬದಲಿಗೆ ಗಿಡ ಬೆಳೆಸಿದವರಿಗೆ ದುಡ್ಡು ಕೊಡುತ್ತವೆ, ನೀವು ಗಿಡ ಹಚ್ಚಿರಿ ಎಂದರು. ಅಕ್ಕ ಬಾಳೆ ಕಿತ್ತು ಹೆಬ್ಬೇವು ಹಚ್ಚಿದಳು. ಬೆಳೆದ ಗಿಡಗಳು ಅವರ ಪರೀಕ್ಷೆಯಲ್ಲಿ ಪಾಸಾಗುವವರೆಗೆ ದುಡ್ಡಿಲ್ಲ, ಕಂಪನಿ ಬಿಟ್ಟುಕೊಡುವವರೆಗೆ ಒಂದು ಗಿಡವನ್ನೂ ಕಡಿಯುವಂತಿಲ್ಲ ಎಂಬ ಕರಾರಿಗೂ ಸಹಿ ಹಾಕಿದಳು.

ಗಿಡಗಳು ಎತ್ತರಕ್ಕೆ ಬೆಳೆದ ಮೇಲೆ ಪರೀಕ್ಷಿಸಲು ಹೊರದೇಶದವನೊಬ್ಬ ಬಂದ. ಕಲಬುರಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನನ್ನು ಅಕ್ಕ ಮಾತು ತಿಳಿಸಿ ಹೇಳಲು ಕರೆಸಿಕೊಂಡಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಆದವು. ಬಂದವನು ಒಳ್ಳೆಯವನೇ, ಕೇಳಿ ಕೇಳಿ ಬಡಿಸಿಕೊಂಡ. ಆಮೇಲೆ ಒಂದು ಪ್ರಶ್ನೆ ಕೇಳಿದ: ದುಡ್ಡು ಬರುತ್ತದೆಂದು ಯಾರೂ ಹೇಳದಿದ್ದರೂ ನೀವು ಈ ಗಿಡ ಹಚ್ಚುತ್ತಿದ್ದಿರಾ?

"ಹಚ್ಚತಿದ್ದೆ ಅಂತ ಹೇಳು," ಎಂದಳು ಅಕ್ಕ, ತಟ್ಟನೆ.

ಆ ಒಪ್ಪಂದದ ನಿಯಮ ನಾನು ಓದಿಕೊಂಡೇ ಹೋಗಿದ್ದೆ. ದುಡ್ಡಿಗಾಗಿಯೇ ಹಚ್ಚಿದ್ದು ಎಂದರೆ ಪಾಸು. ಹೇಗಿದ್ದರೂ ಹಚ್ಚುತ್ತಿದ್ದೆ ಎಂದರೆ ನಪಾಸು; ತಾನಾಗಿಯೇ ಬೆಳೆಯುತ್ತಿದ್ದ ಗಿಡಕ್ಕೆ ದುಡ್ಡೇಕೆ ಎಂಬುದು ಅವರ ಲೆಕ್ಕ.

"ಅಕ್ಕಾ, ವಿಚಾರ ಮಾಡಿ ಹೇಳು. ರೊಕ್ಕದ ಮಾತು ಇಲ್ಲದಿದ್ರ ನೀ ಬಾಳಿ ಕೀಳತಿದ್ದೇನು? ಇದ್ದದ್ದು ಇದ್ದಂಗ ಹೇಳು, ಅದರಾಗಽ ನಿನ್ನ ಲಾಭ ಅದ."

"ಮನಿಗಿ ಬಂದು ಉಂಡ ಮಂದಿ ಮುಂದ, ರೊಕ್ಕದ ಆಸಿಗಿ ಗಿಡ ಹಚ್ಚೀನಿ ಅಂತ ಹೇಳ್ಲೇನು? ನಾಚಿಕಿ ಬರಲ್ಲೇನು ನಿನಗ?" ಅವಳ ಮುಖ ಕೆಂಪಾಗಿತ್ತು. "ನಾ ಹೇಳಿದ್ದಷ್ಟ ಹೇಳು."

ಹೇಳಿದೆ. ಹೇಳಿ, ಇದು ನಮ್ಮ ಕಡೆಯ ಮರ್ಯಾದೆಯ ಮಾತು, ನಿಜವಲ್ಲ ಎಂದು ನನ್ನದೇ ಮಾತಿನಲ್ಲಿ ಬೇಡಿಕೊಂಡೆ. ಹೊಲದವರು ಸ್ವತಃ ಹೇಳಿದ್ದನ್ನಷ್ಟೇ ಬರೆದುಕೊಳ್ಳಬೇಕು ಎಂದು ಅವನು ಪಾಪ ಮುಖ ಸಣ್ಣದು ಮಾಡಿದ. ಕೆಲವು ವಾರಗಳಲ್ಲಿ ಅಕ್ಕನ ಗಿಡ ಲೆಕ್ಕಕ್ಕಿಲ್ಲ ಎಂಬ ಸುದ್ದಿ ಬಂತು.

ಉಳಿದದ್ದು ಒಂದೇ ಆಸೆ. ಯಾವ ಗಿಡವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ದೇಶಗಳು ಮತ್ತೆ ಸಭೆ ಸೇರುವುದಿತ್ತು. ನಿಯಮ ಸಡಿಲಾದೀತು ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊಬೈಲ್ ಹಿಡಿದು ಸಭೆಯ ಸುದ್ದಿ ನೋಡುತ್ತ ಕೂತೆ. ಮೊದಲಿನಿಂದ ಹಾರಿದವರು ಹೊಗೆಯ ಹೊರೆ ಹೆಚ್ಚು ಹೊರಲಿ ಎಂದು ಒಬ್ಬರು, ಆಕಾಶ ಎಲ್ಲರದೂ, ಎಲ್ಲರೂ ಸಮ ಹೊರಲಿ ಎಂದು ಇನ್ನೊಬ್ಬರು. ಒಂದು ಪದಕ್ಕೆ ದಿನಗಟ್ಟಲೆ ಜಗ್ಗಾಟ. ಸೂಟು ಹಾಕಿಕೊಂಡ ಅಷ್ಟು ಜನರಲ್ಲಿ ಒಬ್ಬನಾದರೂ ನಮ್ಮ ಬಾವಿ ಪಕ್ಕದ ತುಂಡನ್ನು ನೋಡಿದ್ದರೆ ಎಂದು ಹಲ್ಲು ಕಡಿದೆ. ಅವರೂ ಅಲ್ಲಿಗೆ ವಿಮಾನದಲ್ಲೇ ಹೋಗಿದ್ದರಲ್ಲ! ಕೊನೆಗೆ ಎಲ್ಲರೂ ಕೈ ಕುಲುಕಿದರು. ನಿಯಮ ಇನ್ನಷ್ಟು ಬಿಗಿಯಾಯಿತು.

ಹೋಗಲಿ, ಹೊಲವಾದರೂ ಬಿಡಿಸಿಕೊಳ್ಳೋಣ ಎಂದು ಸ್ಟೇಶನ್ ಬಜಾರಕ್ಕೆ ಓಡಿದೆ. ಲಾಡ್ಜಿನ ಮೇಲಿದ್ದ ಕಂಪನಿಯ ಆಫೀಸಿಗೆ ಬೀಗ ಬಿದ್ದಿತ್ತು. ಫೋನು ಹತ್ತಲಿಲ್ಲ. ಅಲ್ಲಿಂದ ಸೇಡಂ ರಸ್ತೆಯ ವಕೀಲರ ಮನೆಗೆ ಹೋದೆ.

"ಅವರು ಬಿಟ್ಟುಕೊಡೋತನಕ ಗಿಡಕ್ಕ ಕೈ ಹಚ್ಚಬ್ಯಾಡ್ರೀ ಮೇಡಂ," ಎಂದರು ವಕೀಲರು.

"ಅವರೇ ಇಲ್ಲಲ್ರೀ!" ಎಂದು ಕೂಗಿಬಿಟ್ಟೆ. ಹೊರಗೆ ಕೂತಿದ್ದವರು ತಿರುಗಿ ನೋಡಿದರು. ಆ ಸಂಜೆ ಬಸ್ಸಿನಲ್ಲಿ ಕೂತು, ಅಕ್ಕನಿಗೆ ಏನು ಹೇಳಲಿ ಎಂದು ತಿಳಿಯದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಎಳ್ಳಮಾವಾಸ್ಯೆ ಬಂತು. ಅಕ್ಕ ಎಂದಿನಂತೆ ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿದಳು. ಮುಂದೆ ಇಡುವ ಕೆಂಪು ಬಾಳೆಹಣ್ಣನ್ನು ಬಾಳೆ ಕಿತ್ತಂದಿನಿಂದ ಮಾಡುವಂತೆ ಈ ಸಲವೂ ಸಂತೆಯಿಂದ ಕೊಂಡು ತಂದಿದ್ದಳು. ಆಮೇಲೆ ಭೂಮಿತಾಯಿಗೆ ಉಣಿಸುವ ಚರಗದ ಗಡಗಿ ಹೊತ್ತು ಹೊಲದ ಸುತ್ತ ಚೆಲ್ಲುತ್ತ ಹೊರಟಳು. ಹೆಬ್ಬೇವಿನ ಹತ್ತಿರ ಬಂದಾಗ ತಿರುಗುತ್ತಾಳೆ ಅಂದುಕೊಂಡೆ. ಒಳಗೆ ಹೋಗಿ ಒಂದೊಂದೇ ಗಿಡದ ಬುಡಕ್ಕೆ ಹಾಕತೊಡಗಿದಳು.

"ಇವಕ್ಯಾಕ ಅಕ್ಕಾ? ನಿನ್ನ ಬಾಳಿ ತಿಂದ ಗಿಡ ಇವು!"

ಅವಳು ನನ್ನ ಕಡೆ ತಿರುಗಲಿಲ್ಲ.

"ರೊಕ್ಕ ಬರದಿದ್ರೂ ಹಚ್ಚತಿದ್ದೆ ಅಂತ ಮಂದಿ ಮುಂದ ಹೇಳೀನಲ್ಲವ್ವಾ," ಎಂದಳು. "ಈಗ ಆ ಮಾತರ ಉಳಿಸ್ಕೋಬೇಕಲ್ಲ."

ಗಡಗಿಯಲ್ಲಿ ಚರಗ ಮುಗಿಯಿತು. ಇನ್ನೂ ಅರ್ಧ ಗಿಡಗಳು ಉಳಿದಿದ್ದವು.