ಹತ್ತಿ ಗೋಡೆಯೊಳಗಿನ ಕಂಡಕ್ಟರ್

ನಮ್ಮ ಅಸ್ಫಿಯಾ ಬಸ್ ಓಡಿಸ್ತಾಳೆ ಅಂದ್ರೆ ಬೀದಿಯಾಗೆ ಅರ್ಧ ಜನ ಬಾಯಿ ಬಿಡ್ತಾರೆ, ಇನ್ನರ್ಧ ಜನ ನಗ್ತಾರೆ. ನಿಜವಾದ ಬಸ್ಸಲ್ಲ ಕಣ್ರಪ್ಪ, ಕಂಪ್ಯೂಟರ್ ಆಟದ ಬಸ್ಸು. ಮಾಳಿಗೆ ಕೋಣೆಯಾಗೆ ಕುಂತ್ಕಂಡು ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಆಮೇಲೆ ಶ್ರೀರಾಂಪುರದ ತನಕ ಓಡಿಸ್ತಾಳೆ. ಆ ರಸ್ತೆನೆಲ್ಲ ಯಾರೋ ಹುಡುಗರು ಆಟದೊಳಗೆ ಕಟ್ಟಿ ಕೊಟ್ಟವ್ರೆ. ಇವಳು ಓಡಿಸೋದನ್ನ ಎಲ್ಲೆಲ್ಲೋ ಕುಂತಿರೋ ಜನ ಫೋನಿನಾಗೆ ಲೈವ್ ನೋಡ್ತಾರೆ. ಡ್ರೈವರೂ ಇವಳೇ, ಕಂಡಕ್ಟರೂ ಇವಳೇ. "ಹೊಳಲ್ಕೆರೆ ಯಾರ್ರೀ, ಹೊಸದುರ್ಗ ಯಾರ್ರೀ? ಒಳಗೆ ಬರ್ರಿ, ಬಾಗಿಲಾಗೆ ನಿಂತ್ಕಬ್ಯಾಡ್ರಿ! ರೈಟ್ ರೈಟ್!" ಅಂತ ಕೂಗ್ತಾಳೆ. ಆ ಗಂಟಲು ಯಾರಿಂದ ಬಂತೋ, ನನ್ನಿಂದ ಅಂತ ನಮ್ಮ ತಮ್ಮ ಹೇಳ್ತಾನೆ, ಹೇಳ್ಕಳ್ಳಿ ಬಿಡ್ರಿ.

ನಾನು ಅವಳ ಸೋದರತ್ತೆ, ಆತಿಕಾ. ಅವಳಪ್ಪ ಸಲೀಂ ನನ್ನ ತಮ್ಮ. ತಾಯಿ ಇಲ್ಲದ ಕೂಸನ್ನ ನಾನೇ ಬೆಳೆಸಿದ್ದು. ನಾವು ಪಿಂಜಾರರು, ಮನೆಮಾತು ಕನ್ನಡ. ಹತ್ತಿ ಹಿಂಜಿ ಹಾಸಿಗೆ, ದಿಂಬು, ಕೌದಿ ಮಾಡೋದು ನಮ್ಮ ತಾತ ಮುತ್ತಾತರಿಂದ ಬಂದ ಕಸುಬು. ಕೆಳಗೆ ಅಂಗಡಿ, ಅದರ ಹಿಂದೆ ಹತ್ತಿ ಕೋಣೆ, ಮೇಲೆ ಮನೆ. ಸಲೀಂ ಹತ್ತಿ ಹಿಂಜೋ ಮಿಷನ್ ನೋಡ್ಕಂತಾನೆ, ನಾನು ಹೊಲಿಗೆ.

ಹತ್ತಿ ಮನೆಯೋರಿಗೆ ಇರೋದು ಒಂದೇ ಭಯ, ಬೆಂಕಿ. ಬೀಡಿ ಹಿಡ್ಕಂಡು ನಮ್ಮ ಅಂಗಡಿ ಮೆಟ್ಲು ಹತ್ತಿದೋನು ನನ್ನ ಬಾಯಿಗೆ ಬಿದ್ದು ಉಳಿದಿಲ್ಲ, ಅವನು ಗಿರಾಕಿಯಾದ್ರೂ ಸೈ, ಬೀಗನಾದ್ರೂ ಸೈ. ಹುಲ್ಲಿಗೆ ಹತ್ತಿದ ಬೆಂಕಿ ಕಣ್ಣಿಗೆ ಕಾಣ್ತೈತೆ, ಕೂಗ್ಬಹುದು, ಓಡ್ಬಹುದು. ಹತ್ತಿ ಹಂಗಲ್ಲ. ಒಳಗೊಳಗೇ ತಿಂದ್ಕಂಡು ಹೋಗ್ತೈತೆ. ಮೇಲೆ ಬೆಳ್ಳಗೇ ಇರ್ತೈತೆ, ಕೈ ಹಾಕಿದ್ರೆ ಒಳಗೆ ಕೆಂಡ. ಗಾಳಿ ತಾಕಿದ ಗಳಿಗೆಗೆ ಭಗ್ ಅಂತ ಏಳ್ತೈತೆ. ನಮ್ಮಪ್ಪನ ಕಾಲದಾಗೆ ಹಿಂಗೇ ಒಂದು ರಾಶಿ ಬೆಳಗಿಂದ ಸಂಜೆ ತನಕ ಸುಮ್ನೆ ಕೂತಿತ್ತು. ಏನೋ ವಾಸನೆ ಅಂತ ಅಪ್ಪ ಕೋಲಾಗೆ ಕೆದಕಿದ್ದೇ ತಡ, ಹುಬ್ಬು ಮೀಸೆ ಎಲ್ಲ ಸುಟ್ಟೋಯ್ತು. ಅವತ್ತಿನಿಂದ ನನ್ನ ಮೂಗು ನಿದ್ದೆಯಾಗೂ ಎಚ್ಚರ ಇರ್ತೈತೆ.

ಈಗ ಅಸ್ಫಿಯಾ ಕಥೆಗೆ ಬರ್ತೀನಿ. ಅವಳು ಕೂಗೋದು ಬೀದಿಗೆಲ್ಲ ಕೇಳ್ತಿತ್ತು. ಎದುರು ಮನೆಯೋರು, ಹಿಂದಿನ ಮನೆಯೋರು ಶುರು ಹಚ್ಕಂಡ್ರು. "ಏನಪ್ಪ ಸಲೀಂ, ಮದುವೆ ವಯಸ್ಸಿನ ಹುಡುಗಿ ಗಂಡಸರಂಗೆ ಅರಚ್ತಾಳಲ್ಲ?" ನಾನಾಗಿದ್ರೆ ಅವರ ಮನೆ ಮುಂದೇನೇ ಹೋಗಿ ಇನ್ನೂ ಜೋರಾಗಿ ಅರಚ್ತಿದ್ದೆ. ನನ್ನ ತಮ್ಮ ಬಲು ಮೆತ್ತನೆಯೋನು. ಮಗಳಿಗೆ ಆಟ ಬಿಡು ಅನ್ನೋಕೆ ಬಾಯಿ ಬರಲಿಲ್ಲ, ಜನರಿಗೆ ಬಾಯಿ ಮುಚ್ರಿ ಅನ್ನೋಕೂ ಬರಲಿಲ್ಲ. ತನಗೆ ಬರೋ ಕೆಲಸ ಮಾಡ್ದ. ಒಳ್ಳೆ ಹತ್ತಿ ಹಿಂಜಿ, ದಪ್ಪ ದಪ್ಪ ಹಾಸಿಗೆ ಮಾಡಿ, ಆ ಕೋಣೆಯ ನಾಲ್ಕೂ ಗೋಡೆಗೆ, ಕಿಟಕಿಗೆ, ಬಾಗಿಲ ಒಳಮೈಗೆ ಹೊಡೆದ. ಮೇಲಿನ ಹೊದಿಕೆ ನಾನು ಹೊಲಿದು ಕೊಟ್ಟೆ, ಬಿಳಿ ಬಟ್ಟೆ, ಸಣ್ಣ ಹಳದಿ ಹೂವು. ಅವಳ ಕುರ್ಚಿ ಹಿಂದೆ ಗೋಡೆಗೆ ಒರಗಿಸಿದ್ದ ಕಂಪ್ಯೂಟರ್ ಡಬ್ಬಿಯ ಫ್ಯಾನು ಗುಂಯ್ ಅಂತೈತೆ ಅಂತ ಅದರ ಹಿಂದೂ ಒಂದು ದಿಂಬು ತುರುಕಿದ. ಪ್ಲಗ್ಗಿನ ಬೋರ್ಡ್ ಅಡ್ಡ ಬಂತು. ಹೊದಿಕೆಗೆ ಒಂದು ಸೀಳು ಕೊಯ್ದು ವೈರು ಹೊರಗೆ ಎಳೆದು, ಬೋರ್ಡ್ ಮೇಲೂ ಹತ್ತಿ ಮುಚ್ಚಿಬಿಟ್ಟ. ನಾವು ಹಾಸಿಗೆಯೋರು ನೋಡ್ರಿ, ಎಲ್ಲಿ ಉಬ್ಬು ತಗ್ಗು ಕಂಡ್ರೂ ತುಂಬಿ ಸಮ ಮಾಡೋದೇ ಅಭ್ಯಾಸ. ನಾನೂ ಕೈ ಆಡಿಸಿ ನೋಡಿ, ಬಲು ನೀಟಾಗೈತೆ ಅಂದೆ.

ಆಮೇಲಿಂದ ಆ ಕೋಣೆಯಿಂದ ಒಂದು ಪಿಸು ಮಾತೂ ಹೊರಗೆ ಬರಲಿಲ್ಲ. ಅವಳು ಒಳಗಿಂದ ಚಿಲಕ ಹಾಕ್ಕಂಡು, ಕಿವಿಗೆ ಹೆಡ್‌ಫೋನ್ ಏರಿಸಿದ್ರೆ, ಹೊರಗಿನದೂ ಒಳಗೆ ಹೋಗ್ತಿರಲಿಲ್ಲ. ನನಗೆ ಜೀವ ತಡಿಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದೂ ಮಗು ಉಸಿರಾಡ್ತೈತೋ ಇಲ್ಲೋ ಗೊತ್ತಾಗಲ್ಲ ಅಂದ್ರೆ ಹೆಂಗೆ? ಅದಕ್ಕೆ ಹೊಲಿಗೆ ಮಿಷನ್ ಪಕ್ಕ ಫೋನ್ ನಿಲ್ಲಿಸ್ಕಂಡು ನಾನೂ ಲೈವ್ ನೋಡೋಕೆ ಶುರು ಮಾಡ್ದೆ. ಬಸ್ಸು ನನಗೆ ಯಾಕೆ? ಮೂಲೆಯಾಗೆ ಪುಟ್ಟ ಚೌಕದೊಳಗೆ ಅವಳ ಮುಖ ಕಾಣ್ತೈತಲ್ಲ, ಹಿಂದೆ ಹಳದಿ ಹೂವಿನ ಗೋಡೆ, ಅದನ್ನ ನೋಡ್ತಿದ್ದೆ.

ಸ್ವಲ್ಪ ದಿನಕ್ಕೆ ಚಿತ್ರ ಗಕ್ಕನೆ ನಿಲ್ಲೋಕೆ ಶುರುವಾಯ್ತು. ದನಿ ಬರ್ತೈತೆ, ಮುಖ ಮಾತ್ರ ಬಾಯಿ ತೆರೆದಂಗೇ ನಿಂತ್ಕಂತೈತೆ. ಮೊದಲ ಸಲ ನೋಡಿದಾಗ ಸೂಜಿ ಬಿಟ್ಟು ಮೆಟ್ಲು ಹತ್ತಿ ಬಾಗಿಲು ಬಡಿದೆ. ಎಷ್ಟು ಬಡಿದ್ರೂ ಮೆತ್ತೆ ಮೇಲೆ ಗುದ್ದಿದಂಗೆ. ಕೊನೆಗೆ ಅವಳೇ ನೀರಿಗೆ ಅಂತ ಹೊರಗೆ ಬಂದು, "ಅತ್ತೆ, ಅದು ಫ್ರೇಮ್ ಡ್ರಾಪ್" ಅಂದ್ಲು. ವಿಡಿಯೋ ಅಂದ್ರೆ ಒಂದರ ಹಿಂದೆ ಒಂದು ಓಡೋ ಚಿತ್ರಗಳಂತೆ, ನಡುವೆ ಒಂದಷ್ಟು ಬಿದ್ದು ಹೋದ್ರೆ ಹಿಂಗೆ ತಡವರಿಸ್ತೈತಂತೆ. "ಬಿದ್ದು ಹೋದ್ರೆ ಎತ್ಕಾ, ನನ್ನ ಜೀವ ತೆಗಿಬ್ಯಾಡ" ಅಂತ ಬೈದೆ.

ಪಾಪ, ಅವಳು ಮಾಡದ ಪ್ರಯತ್ನ ಇಲ್ಲ. ನೆಟ್ಟಿನ ವೇಗ ಅಳೆದ್ಲು, ಚೆನ್ನಾಗಿತ್ತು. ವೈಫೈ ಬಿಟ್ಟು ಕೇಬಲ್ ಎಳೆದ್ಲು. ಕೇಬಲ್ಲೂ ಬದಲಾಯಿಸಿದ್ಲು. ಚಿತ್ರದ ಗುಣಮಟ್ಟ ಇಳಿಸಿದ್ಲು, ಬಸ್ಸಿನ ಕಿಟಕಿಯೆಲ್ಲ ಮಂಜು ಮಂಜು ಆಯ್ತೇ ಹೊರತು ನಿಲ್ಲೋದು ನಿಲ್ಲಲಿಲ್ಲ. ನೋಡೋ ಜನ ಕೆಳಗೆ ಬರೀತಾರಲ್ಲ, ಅವರದ್ದು ಬೇರೆ ಕಾಟ. "ಅಕ್ಕಾ, ಬಸ್ಸು ಪಂಚರ್ರಾ?" "ಕಂಡಕ್ಟರಮ್ಮ ಕಲ್ಲಾದ್ಲು." ನೋಡೋರು ಒಬ್ಬೊಬ್ಬರೇ ಇಳ್ಕಂಡು ಹೋಗ್ತಾವ್ರೆ ಅಂತ ಊಟ ಸೇರದಂಗಾಯ್ತು ಅವಳಿಗೆ. ಹತ್ತಿ ಮಿಷನ್ ಓಡುವಾಗ ಕರೆಂಟ್ ಜಗ್ತೈತೆ, ಅದಕ್ಕೇ ಇರಬೇಕು ಅಂತ ಅನುಮಾನ ಪಟ್ಲು. ಶುಕ್ರವಾರ ನಮಗೆ ಮಿಷನ್ ರಜೆ. "ಶುಕ್ರವಾರ ಮಧ್ಯಾಹ್ನ ಓಡಿಸಿ ನೋಡ್ತೀನಿ. ಅವತ್ತೂ ಹಿಂಗೇ ಆದ್ರೆ ನೆಟ್ ಲೈನಿಂದೇ ತಪ್ಪು" ಅಂದ್ಲು. ಲೈನಿನ ಹುಡುಗ ಜಯಕುಮಾರನಿಗೂ ಅದೇ ಹೊತ್ತಿಗೆ ಬರೋಕೆ ಹೇಳಿದ್ಲು.

ಆ ಶುಕ್ರವಾರ ಸಲೀಂ ನಮಾಜಿಗೆ ಹೋದ. ಮಿಷನ್ ನಿಂತಿತ್ತು, ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ಬೀಸ್ತಿತ್ತು, ಹತ್ತಿ ಹಾರ್ತೈತೆ ಅಂತ ನಾನು ಹಿಂದಿನ ಬಾಗಿಲೂ ಹಾಕಿದ್ದೆ. ಜಯಕುಮಾರ ಬಂದು ಕೆಳಗಿನ ನೆಟ್ ಪೆಟ್ಟಿಗೆಗೆ ತನ್ನ ಯಂತ್ರ ಹಚ್ಚಿ ನೋಡ್ದ. ನನ್ನ ಫೋನಿನಾಗೆ ಅಸ್ಫಿಯಾ ಆಗ್ಲೇ ಚಿತ್ರದುರ್ಗ ಬಿಟ್ಟಿದ್ಲು. ಚಿತ್ರ ಹಿಂದೆಂದಿಗಿಂತ ಕೆಟ್ಟದಾಗಿ ನಿಂತು ನಿಂತು ಬರ್ತಿತ್ತು.

"ಲೈನ್ ಚೆನ್ನಾಗೈತೆ ಆತಿಕಮ್ಮ, ನಮ್ಮದೇನೂ ತೊಂದರೆ ಇಲ್ಲ" ಅಂದ ಜಯಕುಮಾರ.

"ಚೆನ್ನಾಗಿದ್ರೆ ಇದೇನಪ್ಪ ಇದು, ನನ್ನ ಸೊಸೆ ಮುಖಕ್ಕೆ ಲಕ್ವಾ ಹೊಡೆದಂಗೆ?"

ಅವನು ಫೋನ್ ನೋಡ್ದ. "ಇದು ನೆಟ್ಟಿಂದಲ್ಲ. ಕಂಪ್ಯೂಟರೇ ಸುಸ್ತಾಗೈತೆ. ಬಿಸಿ ಜಾಸ್ತಿ ಆದ್ರೆ ಅದು ತಾನೇ ನಿಧಾನ ಆಗ್ತೈತೆ, ಚಿತ್ರ ಬಿಟ್ಟು ಬಿಡ್ತೈತೆ. ಹಿಂದೆ ಗಾಳಿ ಆಡೋಕೆ ಜಾಗ ಐತೇನ್ರಿ?"

ಬಿಸಿ ಅಂದ ಕೂಡಲೆ ನನ್ನ ಕೈಯಾಗಿನ ಸೂಜಿ ನಿಂತ್ಹೋಯ್ತು. ಹಿಂದೆ ಗಾಳಿಗೆ ಜಾಗ ಎಲ್ಲೈತೆ? ಹಿಂದೆ ದಿಂಬು. ದಿಂಬಿನ ಹಿಂದೆ ಹಾಸಿಗೆ. ಹಾಸಿಗೆ ಹಿಂದೆ ಪ್ಲಗ್ಗು.

ಫೋನ್ ಎತ್ಕಂಡು ಕಣ್ಣಿಗೆ ಹತ್ರ ಹಿಡಿದೆ. ಅವಳ ಭುಜದ ಹಿಂದೆ ನನ್ನ ಹಳದಿ ಹೂವುಗಳು. ಅವುಗಳ ನಡುವೆ ಒಂದು ಬೆಲ್ಲದ ಬಣ್ಣದ ಕಲೆ. ನಾನು ಹೊಲಿದ ಬಟ್ಟೆ ಅದು, ಅದರಾಗೆ ಕಂದು ಹೂವು ಇಲ್ಲವೇ ಇಲ್ಲ. ಚಿತ್ರ ನಿಂತ್ಕಂತು. ಮತ್ತೆ ಹಾರಿ ಮುಂದಕ್ಕೆ ಹೋದಾಗ ಕಲೆ ದೊಡ್ಡದಾಗಿತ್ತು. ಇನ್ನೊಂದು ಸಲ ನಿಂತು ಹಾರ್ತು. ಕಲೆ ಅಂಗೈಯಷ್ಟಾಗಿತ್ತು, ನಡುವೆ ಕಪ್ಪಗಾಗಿತ್ತು. ಚಿತ್ರ ಸರಾಗವಾಗಿ ಓಡಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತೋ ಇಲ್ವೋ. ನಿಂತು ನಿಂತು ಹಾರಿದ್ದಕ್ಕೇ ಅದು ಬೆಳೆಯೋದು ಕಂಡಿದ್ದು.

"ಯಾ ಅಲ್ಲಾ! ಬೆಂಕಿ ಕಣೋ! ಗೋಡೆಯೊಳಗೆ ಬೆಂಕಿ!"

ಮೆಟ್ಲು ಹೆಂಗೆ ಹತ್ತಿದೆನೋ ನನಗೆ ಗೊತ್ತಿಲ್ಲ. ಬಾಗಿಲು ಬಡಿದೆ, ಒದ್ದೆ, ಹೆಸರು ಹಿಡಿದು ಕೂಗ್ದೆ. ಸದ್ದೆಲ್ಲ ಹತ್ತಿ ನುಂಗ್ಕಂತು, ವಾಸನೆನೂ ಹೊರಗೆ ಬಿಟ್ಟಿರಲಿಲ್ಲ. ಕೈಯಾಗಿನ ಫೋನಿನಾಗೆ ಅವಳು ನಗ್ತಾ ಇದ್ಲು. "ಗಟ್ಟಿಯಾಗಿ ಹಿಡ್ಕಳ್ರಿ, ತಿರುವು ಐತೆ!" ಅಂತಿದ್ಲು. ಜಯಕುಮಾರ ಅವಳಿಗೆ ಫೋನ್ ಹಚ್ಚಿದ, ಸೈಲೆಂಟಿಗೆ ಹಾಕಿದ್ಲು, ಎತ್ತಲಿಲ್ಲ. ಲೈವಿನ ಕೆಳಗೆ "ಬೆಂಕಿ, ಬಾಗಿಲು ತೆಗಿ" ಅಂತ ಬರೆದ. ನೋಡೋ ಜನ ಅದನ್ನೂ ತಮಾಷೆ ಅಂದ್ಕಂಡು ನಗೋ ಗೊಂಬೆಗಳನ್ನ ಸುರಿದ್ರು, ಅವನ ಮಾತು ಮೇಲಕ್ಕೆ ಸರಿದು ಹೋಯ್ತು.

"ಇನ್ನೂ ನಗ್ತಾವ್ಳೆ, ಏನೂ ಆಗಿಲ್ಲ ಅಲ್ವೇನೋ?" ಅಂತ ಕೇಳ್ದೆ.

ಅವನ ಮುಖ ಬಿಳಿಚ್ಕಂಡಿತ್ತು. "ಆತಿಕಮ್ಮ, ಲೈವ್ ತಡವಾಗಿ ಬರ್ತೈತೆ. ನಾವು ನೋಡ್ತಿರೋದು ಈಗಿಂದಲ್ಲ. ಆಗ್ಲೇ ಆಗಿ ಹೋಗಿರೋದು."

ಈ ನಗು ಹಳೇದು. ಈ ಕಲೆ ಹಳೇದು. ಈಗ ಒಳಗೆ ಏನಾಗೈತೋ! ಅಷ್ಟರಾಗೆ ಫೋನಿನೊಳಗಿಂದ ಕೆಮ್ಮು ಕೇಳ್ತು. ಮೊದಲು ಒಂದು, ಆಮೇಲೆ ಬಿಡದಂಗೆ. ಚಿತ್ರ ಮಾತ್ರ ನಗು ಮುಖದ ಮೇಲೇ ನಿಂತಿತ್ತು.

"ಮೇನ್ ತೆಗಿ! ಕೆಳಗೆ ಓಡು, ಮೇನ್ ಸ್ವಿಚ್ ತೆಗಿ!" ಅಂದೆ. ಕರೆಂಟ್ ಹೋದ್ರೆ ಆಟ ನಿಲ್ತೈತೆ, ಕಿವಿಯಿಂದ ಅದನ್ನ ತೆಗಿತಾಳೆ, ಕೇಳಿಸ್ಕಂತಾಳೆ. ಇನ್ನೇನೂ ನನಗೆ ಹೊಳೀಲಿಲ್ಲ. ಅವನು ಹಾರಿ ಇಳಿದ. ಕೆಳಗೆ ಖಟಕ್ ಅಂತು. ಫೋನಿನಾಗೆ ಮುಖ ಹೋಗಿ ಬರೀ ಒಂದು ಬಳೆಯಂಥ ಚಕ್ರ ಸುತ್ತೋಕೆ ಶುರುವಾಯ್ತು. ದನಿಯೂ ಹೋಯ್ತು, ಕೆಮ್ಮೂ ಹೋಯ್ತು. ಅಲ್ಲಿಯವರೆಗೆ ಅವಳು ಇದ್ದಾಳೆ ಅನ್ನೋಕೆ ಅದೊಂದಾದ್ರೂ ಇತ್ತು. ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಏನೂ ಇಲ್ಲ. ನಾನೇ ಕರೆಂಟ್ ತೆಗೆಸಿ ಕೂಸನ್ನ ಕತ್ತಲಾಗೆ, ಹೊಗೆಯಾಗೆ ಕೂಡಿ ಹಾಕಿದೆನೇನೋ ಅನ್ನಿಸ್ತು. ಎರಡೂ ಕೈಯಾಗೆ ಬಾಗಿಲು ಗುದ್ದಿದೆ, ಬಳೆ ಒಡೆದು ರಕ್ತ ಬಂತು.

ಚಿಲಕ ಸರಿದ ಸದ್ದು ಕೇಳ್ತು.

ಬಾಗಿಲು ತೆರೆದ್ಲು, ಕಣ್ಣು ಕೆಂಪಗೆ. "ಯಾರ್ರೀ ಕರೆಂಟ್ ತೆಗೆದಿದ್ದು? ಹೊಸದುರ್ಗ ಇನ್ನೇನು..." ಅಂದು ಕೆಮ್ಮಿದ್ಲು. ರಟ್ಟೆ ಹಿಡಿದು ಎಳೆದು ಹೊರಗೆ ಎಸೆದೆ. ಅವಳ ಹಿಂದೆ ಗೋಡೆಯ ಕಲೆ ಬಾಗಿಲ ಗಾಳಿ ಕುಡಿದು ಕೆಂಪಗೆ ಬಾಯಿ ಬಿಡ್ತು. ದಢ್ ಅಂತ ಬಾಗಿಲು ಮುಚ್ಚಿದೆ. ಜಯಕುಮಾರ ಒದ್ದೆ ಗೋಣಿಚೀಲ, ನೀರಿನ ಕೊಡ ತಂದ. ಇನ್ನೂ ತಾ, ಇನ್ನೂ ತಾ ಅಂತ ಅವನನ್ನ ಓಡಿಸಿದೆ. ಎರಡು ಗೋಣಿ ಹಿಡ್ಕಂಡು ನಾವಿಬ್ರೂ ಒಳಗೆ ನುಗ್ಗಿ ಗೋಡೆಗೆ ಒತ್ತಿ ಹಿಡಿದ್ವಿ. ಹತ್ತಿನ ನೆನೆಸಿ, ಕಿತ್ತು, ಮತ್ತೆ ನೆನೆಸಿ ಹೊರಗೆ ಹಾಕಿದ್ವಿ. ಹೂವಿನ ಬಟ್ಟೆ ಹಿಂದೆ ಏನಿತ್ತು ಅಂತೀರಾ? ನೆಲದಿಂದ ಅವಳ ತಲೆಯ ಎತ್ತರಕ್ಕೆ ಕರೀ ಗುಹೆ. ಅವಳು ಅದಕ್ಕೇ ಬೆನ್ನು ಕೊಟ್ಟು ಜನರನ್ನ ಹತ್ತಿಸ್ಕಂತಿದ್ಲು.

ಸಲೀಂ ನಮಾಜು ಮುಗಿಸಿ ಟೋಪಿಯಾಗೇ ಬಂದ. ಅಂಗಳದಾಗೆ ಬಿದ್ದಿದ್ದ ಕಪ್ಪು ಹತ್ತಿ ನೋಡ್ದ, ಮೆಟ್ಲ ಮೇಲೆ ಕುಂತಿದ್ದ ಮಗಳನ್ನ ನೋಡ್ದ. ಮೇಲೆ ಹೋಗಿ ಆ ಕರೀ ಗೋಡೆಗೆ ಅಂಗೈ ಇಟ್ಟು ನಿಂತ. "ಅಕ್ಕಾ, ನಾನೇ ತುಂಬಿದ್ದಲ್ಲ ಇದನ್ನ" ಅಂದ. ಯಾವತ್ತೂ ಬೈಯೋ ನಾನು ಅವತ್ತು ಅವನ ಪಕ್ಕ ನಿಂತು ಗೋಡೆಗೆ ಕೈ ಇಟ್ಟೆ. ನಾನೂ ಹೊಲಿದಿದ್ನಲ್ಲ.

ಈಗ ಆ ಕೋಣೆ ಬರೀ ಗೋಡೆ. ಹೊಸ ವೈರು ಎಳೆಸೀವಿ, ಕಂಪ್ಯೂಟರನ್ನ ಕಿಟಕಿ ಹತ್ರ ಇಟ್ಟೀವಿ, ಬಾಗಿಲಿಗೆ ಚಿಲಕವೇ ಇಲ್ಲ. ಚಿತ್ರ ಎಲ್ಲೂ ನಿಲ್ಲಲ್ಲ, ಬಸ್ಸು ಸರಾಗವಾಗಿ ಓಡ್ತೈತೆ. ಹೋದ ಜನರಾಗೆ ಸುಮಾರು ಮಂದಿ ವಾಪಸ್ ಬಂದವ್ರೆ. ಭಯ ಮಾತ್ರ ಹೋಗಿಲ್ಲ. ಅವಳು ನೀರು ಕುಡಿಯೋಕೆ ಒಂದು ಗಳಿಗೆ ಸುಮ್ನಾದ್ರೂ ನನ್ನ ಸೂಜಿ ನಿಲ್ತೈತೆ, ಮೂಗು ಗಾಳಿ ಹುಡುಕ್ತೈತೆ.

ಮೊನ್ನೆ ಎದುರು ಮನೆಯಾಕೆ ಮತ್ತೆ ಬಂದು ಅಂಗಡಿ ಮುಂದೆ ನಿಂತ್ಲು. "ಏನಪ್ಪ ಸಲೀಂ, ಮತ್ತೆ ಶುರುವಾಯ್ತಲ್ಲ ನಿನ್ನ ಮಗಳ ಕೂಗು, ಬೀದಿಗೆಲ್ಲ ಕೇಳ್ತೈತೆ" ಅಂದ್ಲು. ಅವಳಿಗೆ ಸರಿಯಾಗಿ ಹೇಳ್ಬೇಕು ಅಂತ ನಾನು ಎದ್ದೆ. ಅಷ್ಟರಾಗೆ ಮೇಲೆ ದನಿ ನಿಂತ್ಹೋಯ್ತು, ಹುಡುಗಿ ಇವಳ ಮಾತು ಕೇಳಿಸ್ಕಂಡ್ಲೋ ಏನೋ. ಸಲೀಂ ಕೈ ಹತ್ತಿ ಒಳಗೇ ನಿಂತ್ಕಂತು. ಮಿಷನ್ ಆರಿಸಿದ. ಆ ಹೆಂಗಸನ್ನ ದಾಟಿ ಬೀದಿ ನಡುವೆ ಹೋಗಿ ನಿಂತು, ಕಿಟಕಿ ಕಡೆ ಮುಖ ಎತ್ತಿ, ಆ ಮೆತ್ತನೆ ಮನುಷ್ಯ ಗಂಟಲು ಹರಿಯೋ ಹಂಗೆ ಕೂಗಿದ.

"ಅಸ್ಫಿಯಾ! ನನಗೆ ಕೇಳ್ತಿಲ್ಲ ಕಣವ್ವಾ! ಜೋರಾಗಿ ಕೂಗು!"