ಮೇಷ್ಟ್ರು ಆರಿಸಿಕೊಟ್ಟ ಜೋಗುಳ

ಕೇಳ್ರಪ್ಪ ಇಲ್ಲಿ, ಇವತ್ತು ತಿಪಟೂರಿನ ಹಾರ್ಮೋನಿಯಂ ಮೇಷ್ಟ್ರ ಮೇಲೆ ಮುನಿಸಿಕೊಂಡು ಬಂದೆ. ಮದುವೆಯಾದ ಮೇಲೆ ಇಪ್ಪತ್ತೆರಡು ವರ್ಷ ನಾನು ಹಾರ್ಮೋನಿಯಂ ಮುಟ್ಟಿರಲಿಲ್ಲ. ಮತ್ತೆ ಶುರು ಮಾಡೋಣ ಅಂತ ಹೋದರೆ, ಐದೇ ಸ್ವರದ ಒಂದು ನಿಧಾನದ ಜೋಗುಳ ಆರಿಸಿಕೊಟ್ಟರು. ನನಗೆ ಅನುಮಾನ ಬಂತು. ವಯಸ್ಸಾದ ಹೆಂಗಸು, ಇವಳ ಬೆರಳು ಓಡಲ್ಲ ಅಂದುಕೊಂಡಿರಬೇಕು.

“ಇದು ಮಕ್ಕಳಿಗೆ ಹೇಳಿಕೊಡೋದಲ್ವಾ ಮೇಷ್ಟ್ರೇ? ಚಿಕ್ಕೋಳಿದ್ದಾಗ ನಾನು ಕಂಪನಿ ನಾಟಕದ ಹಾಡೆಲ್ಲಾ ನುಡಿಸ್ತಿದ್ದೆ,” ಅಂದೆ.

“ನಿಮಗೆ ಕಷ್ಟದ್ದು ಬೇಕೋ, ಚೆನ್ನಾಗಿರೋದು ಬೇಕೋ ತಾಯಿ?” ಅಂದರು.

ಚೀಲ ಎತ್ತಿಕೊಂಡು ನಮ್ಮೂರು ನೊಣವಿನಕೆರೆಯ ಬಸ್ಸು ಹತ್ತಿದೆ.

ಮನೆಗೆ ಬಂದು, ನನ್ನ ಹಳೇ ಹಾರ್ಮೋನಿಯಂ ಮುಂದಿಟ್ಟುಕೊಂಡು, ಆ ಜೋಗುಳದಲ್ಲಿ ಏನೂ ಇಲ್ಲ ಅಂತ ಸಾಬೀತು ಮಾಡೋಕೇ ನುಡಿಸಿದೆ. ಎರಡು ಸಲ ತಡವರಿಸಿದೆ. ಮೂರನೇ ಸಲ ಸರಾಗವಾಗಿ ಬಂತು. ಹಿತ್ತಲಲ್ಲಿ ಪೊರಕೆಗೆ ತೆಂಗಿನ ಕಡ್ಡಿ ಹೆರೆಯುತ್ತಿದ್ದ ನಮ್ಮತ್ತೆ ಕತ್ತಿ ಕೆಳಗಿಟ್ಟು ಒಳಗೆ ಬಂದು ಕೂತರು. ಬೈಯೋಕೇ ಬಂದಿದ್ದಾರೆ ಅಂದುಕೊಂಡು ಕೈ ತೆಗೆದೆ.

“ಯಾಕೆ ನಿಲ್ಲಿಸ್ದೆ? ಇನ್ನೊಂದ್ಸಲ ನುಡ್ಸು ಕಣೇ,” ಅಂದರು.

ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಸಾರನ್ನ ಇನ್ನೊಂದು ಸೌಟು ಹಾಕು ಅಂದವರಲ್ಲ. ಮೇಷ್ಟ್ರ ಮೇಲಿದ್ದ ಅನುಮಾನ ಹೋಯ್ತು. ಈಗ ನನ್ನ ಸಾರಿನ ಮೇಲೆ ಬಂದಿದೆ.