ಆನೆ ತೂಕದ ಚೀಲ

ಯಾವ ಕಂಪನಿಯ ತೂಕದ ಮಷಿನ್ ಇದ್ದರೂ ಅದರಲ್ಲಿ ನಡೆಯುವಂಥ ಒಂದೇ ಆಪರೇಟಿಂಗ್ ಸಿಸ್ಟಮ್ ಬರೆಯುವುದು ಆಗ ನನ್ನ ಕೆಲಸ. ಹರಪನಹಳ್ಳಿಯ ಮಂಡಿಯೊಂದರಲ್ಲಿ ಹೊಸ ಮಷಿನ್ನಿಗೆ ಅದನ್ನು ಹಾಕಿ, ಜಂಬದಿಂದ ಒಂದು ಮೆಕ್ಕೆಜೋಳದ ಚೀಲ ಇಡಿಸಿದೆ. ಪರದೆಯ ಮೇಲೆ ಆನೆಯ ತೂಕ ಬಂತು. ಹೊರಗೆ ರೈತರು ಚೀಲ ಇಳಿಸಿಕೊಂಡು ಕಾಯುತ್ತಿದ್ದರು.

ಈ ಮಷಿನ್ನಿನ ಚಿಪ್ ಅಂಕಿಗಳನ್ನು ಹಿಂದುಮುಂದಾಗಿ ಇಟ್ಟುಕೊಳ್ಳುತ್ತದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಮಂಡಿ ಸಾಹುಕಾರರು ಎದ್ದು ಬಂದರು.

“ಪೂಜಿನ ಮಾಡಿಲ್ಲ, ಸುಮ್ನ ತೂಗು ಅಂದ್ರ ಅದು ಹೆಂಗ್ ತೂಗತೈತ್ರಿ?”

ಮಷಿನ್ನಿನ ಹಣೆಗೆ ವಿಭೂತಿ ಬಳಿದು, ಊದಿನಕಡ್ಡಿ ಬೆಳಗಿ, ಕಾಯಿ ಒಡೆದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ನಿಂತಾಗ ನಾನು ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ತಿದ್ದಿ ಮತ್ತೆ ಹಾಕಿದೆ. ತೂಕ ಸರಿಯಾಗಿ ಬಂತು.

“ನೋಡಿದ್ರಾ?” ಅಂದರು ಸಾಹುಕಾರರು.

“ನೋಡಿದೆ” ಎಂದು ನಾನು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡೆ.

“ಕೊಟ್ಟೂರಿನ್ಯಾಗ ನಮ್ಮ ಅಳಿಯನ ಮಂಡಿಗೂ ಬ್ಯಾರೆ ಕಂಪನಿ ಮಷಿನ್ ಬಂದೈತಿ. ನೀವು ತ್ರಾಸ ತಗೋಬ್ಯಾಡ್ರಿ, ನಾನ ಒಂದು ಕಾಯಿ ಕಳಸ್ತೀನಿ.”

ಎಲ್ಲ ಮಷಿನ್ನಿಗೂ ಒಗ್ಗುವಂಥದ್ದನ್ನು ಬರೆಯಬೇಕೆಂದು ನಾವು ವರ್ಷಗಟ್ಟಲೆ ಒದ್ದಾಡುತ್ತಿದ್ದೆವು. ಸಾಹುಕಾರರ ಹತ್ತಿರ ಅದು ಮೊದಲೇ ಇತ್ತು, ಜುಟ್ಟು ಸಮೇತ.